ತಾಯಿಯನ್ನು ನೋಡದೆ ತಂದ ಮರಿ

"ನಾಯಿಮರಿ ತರೋದಾದ್ರೆ ನಾನೇ ಆರಿಸಿ ತರೋದು. ಇದರಲ್ಲಿ ಯಾರೂ ತಲೆ ಹಾಕಬೇಡಿ!" ಎಂದು ಸೀಲು ಸಾಹೇಬರು ಊಟದ ಮೇಜಿನ ಮುಂದೆ ಘೋಷಿಸಿದರು. ಕುರ್ಚಿ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವುದು ಅವರ ಉದ್ಯೋಗ. ಐವತ್ತು ಕುರ್ಚಿಗಳಲ್ಲಿ ಒಂದರ ಮೇಲೆ ಗಂಭೀರವಾಗಿ ಕುಳಿತು, ಎದ್ದು, ಐವತ್ತಕ್ಕೂ ಸೀಲು ಒತ್ತಿಬಿಡುತ್ತಿದ್ದರು. ಹೆಸರು ಬಂದದ್ದು ಹಾಗೆ.

ತಿಂಗಳುಗಟ್ಟಲೆ ಶೋಧಿಸಿದ ಮೇಲೆ ನಾಯಿ ಸಾಕಿ ಮರಿ ಮಾರುವ, ಮಾನ್ಯತೆ ಪಡೆದ ಬ್ರೀಡರ್ ಒಬ್ಬಾಕೆ ಸಿಕ್ಕಳು. ಆಕೆಯ ಹಜಾರದ ಗೋಡೆಯಲ್ಲಿ ಮಾನ್ಯತಾ ಪತ್ರ ಚೌಕಟ್ಟಿನೊಳಗೆ ರಾರಾಜಿಸುತ್ತಿತ್ತು. ಸಾಹೇಬರು ಕನ್ನಡಕ ಏರಿಸಿ ಮೊಹರು, ಸಹಿ, ತಾರೀಖು ಎಲ್ಲವನ್ನೂ ಓದಿದರು. ಅಷ್ಟರಲ್ಲಿ ಹಿತ್ತಲಿನಿಂದ ಬುಟ್ಟಿಯಲ್ಲಿ ಮರಿ ಬಂತು.

"ಇದರ ತಾಯಿನ ಒಂದ್ಸಲ ನೋಡಬಹುದಾ?" ಎಂದು ಸಾಹೇಬರ ಹೆಂಡತಿ ಕೇಳಿದಳು.

"ಅದು ಈಗ ತಾನೆ ಮಲಗಿದೆ," ಎಂದಳು ಬ್ರೀಡರ್.

"ಗೋಡೆ ಮೇಲೆ ಇಷ್ಟು ದೊಡ್ಡ ಪತ್ರ ಇದೆ. ತಾಯಿನ ಎಬ್ಬಿಸಿ ಸಾಕ್ಷಿ ಕೇಳ್ತೀಯಾ? ಸುಮ್ನಿರೇ!" ಎಂದು ಸಾಹೇಬರು ಗದರಿದರು.

ಮರಿ ಮನೆಗೆ ಬಂತು. ಮಗಳು ಅದಕ್ಕೆ ಗುಂಡ ಎಂದು ಹೆಸರಿಟ್ಟಳು. ಪೊರಕೆ ಕಂಡರೆ ಮಂಚದಡಿ, ಚಮಚ ಬಿದ್ದರೆ ಮಂಚದಡಿ, ಸಾಹೇಬರು ಸೀನಿದರೂ ಮಂಚದಡಿ! ಹೊರಗೆಳೆಯಲು ತೆವಳಿದ ಸಾಹೇಬರು ತಾವೇ ಅಲ್ಲಿ ಸಿಕ್ಕಿಕೊಂಡರು; ಹೆಂಡತಿ, ಮಗಳು ಒಂದೊಂದು ಕಾಲು ಹಿಡಿದು ಎಳೆಯಬೇಕಾಯಿತು. ಏಳು ತಿಂಗಳಾಗುವಷ್ಟರಲ್ಲಿ ಗುಂಡನ ಹಿಂಗಾಲುಗಳು ಜಾರತೊಡಗಿದವು. ಮಗಳ ಜೊತೆ ಓಡಲು ಹೋಗಿ ಅರ್ಧದಲ್ಲೇ ಕೂತುಬಿಡುತ್ತಿದ್ದ.

"ಸೊಂಟದ ಕೀಲಿನ ತೊಂದರೆ. ವಂಶದಿಂದಲೇ ಬಂದಿರೋ ಹಾಗಿದೆ. ತಾಯಿ ಹೇಗೆ ನಡೀತಿತ್ತು?" ಎಂದು ಪಶುವೈದ್ಯರು ಕೇಳಿದರು.

ಸಾಹೇಬರು ಹೆಂಡತಿಯ ಮುಖ ನೋಡಲಿಲ್ಲ. ಮನೆಗೆ ಬಂದವರೇ ಮಾನ್ಯತೆ ಕೊಟ್ಟ ಸಂಘಕ್ಕೆ ಫೋನ್ ಮಾಡಿದರು.

"ನಾವು ಮಾನ್ಯತೆ ಕೊಡೋದು ಜಾಗಕ್ಕೆ ಸಾರ್, ನಾಯಿಗಲ್ಲ. ಗೂಡು, ನೀರು, ರಿಜಿಸ್ಟರ್ ನೋಡ್ತೀವಿ," ಎಂದ ಅಲ್ಲಿನ ಅಧಿಕಾರಿ.

"ಯಾವಾಗ ನೋಡಿದ್ರಿ?"

"ಮೂರು ವರ್ಷದ ಹಿಂದೆ. ಆಮೇಲೆ ಅವರೇ ವರ್ಷ ವರ್ಷ ಫಾರಂ ತುಂಬಿ ಕಳಿಸ್ತಾರೆ."

"ಎಲ್ಲಾ ಸರಿ ಇದೆ ಅಂತ ಅವರೇ ಬರ್ಕೊಂಡ್ರೆ ಆಯ್ತಾ?"

"ಸಹಿ ಇರುತ್ತಲ್ಲ ಸಾರ್!"

ಸಾಹೇಬರು ಫೋನ್ ಇಟ್ಟರು. ತಾವು ಕೂತು ನೋಡದ ನಲವತ್ತೊಂಬತ್ತು ಕುರ್ಚಿಗಳು ಕಣ್ಣ ಮುಂದೆ ಸಾಲುಗಟ್ಟಿ ನಿಂತವು.

"ಅಪ್ಪಾ, ಗುಂಡ ಇನ್ಮೇಲೆ ಓಡಲ್ವಾ?" ಎಂದಳು ಮಗಳು, ಅವನ ಸೊಂಟ ನೀವುತ್ತಾ. ಸಾಹೇಬರು ಹೆಂಡತಿಯತ್ತ ತಿರುಗಿದರು. "ನನ್ನದೇ ತಪ್ಪು ಕಣೇ," ಎಂದರು ಹೆಂಡತಿಗೆ. ಮದುವೆಯಾದ ಮೇಲೆ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಆದರೆ ಅವಳಿಗೆ ಗೆದ್ದೆ ಅನ್ನಿಸಲಿಲ್ಲ.

ಅಷ್ಟರಲ್ಲಿ ಎದುರುಮನೆಯ ಟೈಲರ್ ನಗುನಗುತ್ತಾ ಒಳಗೆ ಬಂದ. ಕೈಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಮರಿ!

"ನಿಮ್ಮ ಗುಂಡನ ತಮ್ಮ ಸಾರ್! ಅದೇ ಮನೆ, ಅದೇ ತಾಯಿ!"

"ತಾಯಿನ ನೋಡಿದ್ರಾ?" ಸಾಹೇಬರು ಬುಟ್ಟಿಯತ್ತ ಬಗ್ಗಿ ಕೇಳಿದರು.

"ನಾನ್ಯಾಕೆ ನೋಡ್ಲಿ ಸಾರ್? ನೀವು ನೋಡಿರ್ತೀರಲ್ಲ!"