ಹಳದಿ ಪೊಟ್ಟಣ

“ನನ್ನ ಮುಖದಲ್ಲಿ ಕಳ್ಳನ ಕಳೆ ಏನಾದ್ರೂ ಇದೆಯಾ?” ಎಂದು ಯೋಂಗ್‌ಷುನ್ ಗಟ್ಟಿಯಾಗಿಯೇ ಕೇಳಿದ. ಲಿಫ್ಟಿನಲ್ಲಿ ಅವನ ಹೊರತು ಯಾರೂ ಇರಲಿಲ್ಲ.

ತೈವಾನಿನ ಶಿಂಚು ಊರಿನ ಆ ಚಿಪ್ ಕಾರ್ಖಾನೆಯ ಗುಟ್ಟುಗಳು ಎದುರಾಳಿ ಕಂಪನಿಗೆ ಸೋರುತ್ತಿವೆ ಎಂಬ ಗುಸುಗುಸು ಹಬ್ಬಿ ವಾರವಾಗಿತ್ತು. ನಿಯಂತ್ರಣ ಕೋಣೆಯ ಉಸ್ತುವಾರಿ ಯೋಂಗ್‌ಷುನ್‌ನದು; ಆದ್ದರಿಂದ ಕಳ್ಳನೂ ಅವನೇ ಎಂದು ಕ್ಯಾಂಟೀನು ತೀರ್ಮಾನಿಸಿತ್ತು. ಅವನು ತಟ್ಟೆ ಹಿಡಿದು ಬಂದರೆ ಸಾಕು, ಜನ ಮಾತು ನಿಲ್ಲಿಸಿ ನೂಡಲ್ಸಿನ ಬಟ್ಟಲಲ್ಲಿ ಮುಖ ಹುದುಗಿಸುತ್ತಿದ್ದರು. ಸುದ್ದಿ ಅತ್ತೆಗೂ ಮುಟ್ಟಿತು. ಕಳ್ಳನ ಮನೆಯಲ್ಲಿ ಇರಬೇಡ, ಸಂಜೆಯೊಳಗೆ ಹೊರಟು ಬಾ ಎಂದು ಆಕೆ ಬೆಳಗ್ಗೆಯೇ ಮಗಳಿಗೆ, ಅಂದರೆ ಅವನ ಹೆಂಡತಿಗೆ, ಫೋನು ಮಾಡಿದ್ದಳು.

ನೆಲ ಒರೆಸುವ ಶ್ಯೂಮೇ ಅಕ್ಕ ಒಬ್ಬಳೇ ಅವನ ಪರ. “ನೀನು ಕದ್ದಿಲ್ಲ ಬಿಡು ತಮ್ಮ. ಕದಿಯೋಕೂ ಒಂದಿಷ್ಟು ಚುರುಕು ಬೇಕು,” ಎಂದು ಸಮಾಧಾನ ಹೇಳಿದಳು.

ನಿಯಂತ್ರಣ ಕೋಣೆಯ ಪ್ರತಿ ಯಂತ್ರದ ನೆತ್ತಿಯ ಮೇಲೂ ಕುರುಕು ತಿಂಡಿಯ ಹಸಿರು ಪೊಟ್ಟಣವೊಂದು ದೇವರ ಪ್ರಸಾದದಂತೆ ಕೂತಿತ್ತು. ಹಸಿರಿದ್ದರೆ ಯಂತ್ರ ಹೇಳಿದ ಮಾತು ಕೇಳುತ್ತದೆ. ಹಳದಿ ಇಟ್ಟರೆ ಮುನಿದು ನಿಲ್ಲುತ್ತದೆ. ಆ ದೇಶದಲ್ಲಿ ಹಾಲುಗಲ್ಲದ ಮಕ್ಕಳಿಗೂ ಗೊತ್ತಿರುವ ಸಂಗತಿ ಇದು. ಆದರೆ ಈವತ್ತು ಏಳನೆಯ ಯಂತ್ರದ ಮೇಲೆ ಹಳದಿ ಪೊಟ್ಟಣ!

ಶ್ಯೂಮೇ ಕೆನ್ನೆ ಕೆನ್ನೆ ಬಡಿದುಕೊಂಡಳು. ನಮ್ಮವರು ಯಾರೂ ಪ್ರಾಣ ಹೋದರೂ ಹೀಗೆ ಇಡುವುದಿಲ್ಲ ಎಂದಳು. ಯೋಂಗ್‌ಷುನ್ ಅದನ್ನು ಇಳಿಸಿದ. ತಿಂಡಿಗೆ ಇಷ್ಟು ಭಾರವೇ? ಪೊಟ್ಟಣದ ತೂತಿನಲ್ಲಿ ಕ್ಯಾಮೆರಾದ ಗಾಜಿನ ಕಣ್ಣೊಂದು ಮಿನುಗಿತು.

ಅಷ್ಟರಲ್ಲಿ, ಹೊರದೇಶದಲ್ಲೇ ಹುಟ್ಟಿ ಬೆಳೆದು ಹೊಸದಾಗಿ ಸೇರಿದ್ದ ಎಂಜಿನಿಯರ್ ವೆಯ್‌ಲುನ್ ಒಳಗೆ ಬಂದ. “ಅದು ನನ್ನ ತಿಂಡಿ, ಕೊಡಿ.”

“ಹೌದಾ ಸಾರ್? ಹಾಗಾದ್ರೆ ನಮ್ಮೆದುರಿಗೇ ಒಂದು ತುತ್ತು ತಿನ್ನಿ,” ಎಂದ ಯೋಂಗ್‌ಷುನ್.

ವೆಯ್‌ಲುನ್ ಬಾಗಿಲಿಗೆ ಓಡಿದ. ಶ್ಯೂಮೇ ಒರೆಸುವ ಕೋಲನ್ನು ಅಡ್ಡ ಚಾಚಿದಳು. ಅವನು ಒದ್ದೆ ನೆಲದ ಮೇಲೆ ಮೀನಿನಂತೆ ಜಾರಿ, ಎದುರಿಗೆ ಬರುತ್ತಿದ್ದ ನಿರ್ದೇಶಕ ಫಾನ್ ಅವರ ಕಾಲಿಗೇ ಬಂದು ಬಿದ್ದ. ಬಿದ್ದಲ್ಲೇ ಎಲ್ಲವನ್ನೂ ಒಪ್ಪಿಕೊಂಡ.

ಯೋಂಗ್‌ಷುನ್‌ನ ಎದೆ ಆವಿಯಲ್ಲಿ ಬೆಂದ ಬನ್ನಿನಂತೆ ಉಬ್ಬಿತು. ಫಾನ್ ಅವನನ್ನು ತಮ್ಮ ಕೋಣೆಗೆ ಕರೆದು, ಸ್ವತಃ ಊಲಾಂಗ್ ಚಹಾ ಬಗ್ಗಿಸಿಕೊಟ್ಟು, ಕಂಪನಿಯನ್ನು ಉಳಿಸಿದ ಶೂರನೆಂದು ಬೆನ್ನು ತಟ್ಟಿದರು. ಕಳ್ಳನನ್ನು ಆಗಲೇ ಹಿಂಬಾಗಿಲಿನಿಂದ ಸದ್ದಿಲ್ಲದೆ ಸಾಗಹಾಕಿದ್ದರು. ಏನೂ ಕಂಡಿಲ್ಲವೆಂದು ಬರೆದ ಕಾಗದಕ್ಕೆ ಶ್ಯೂಮೇ ಅಕ್ಕ ಸಹಿ ಹಾಕಿಯಾಗಿತ್ತು.

“ಸಾರ್, ಒಂದೇ ಒಂದು ಸಾಲು ಬರ್ಕೊಡಿ. ಕಳ್ಳ ಇವನಲ್ಲ, ಕಳ್ಳನ್ನ ಹಿಡಿದೋನು ಇವನು ಅಂತ. ನಮ್ಮ ಅತ್ತೆಗೆ ತೋರಿಸ್ಬೇಕು,” ಎಂದ ಯೋಂಗ್‌ಷುನ್.

ಫಾನ್ ಬಟ್ಟಲನ್ನು ಕೆಳಗಿಟ್ಟರು.

“ಗುಟ್ಟು ಸೋರಿತ್ತು ಅಂತ ಗೊತ್ತಾದ್ರೆ ಒಬ್ಬ ಗಿರಾಕಿನೂ ನಮ್ಮ ಹತ್ರ ಉಳಿಯಲ್ಲ. ಈ ಕಂಪನಿಲಿ ಕಳ್ಳತನವೇ ಆಗಿಲ್ಲ ಕಣಪ್ಪ. ಇಲ್ಲದ ಕಳ್ಳನ್ನ ನೀನು ಹಿಡಿದೆ ಅಂತ ನಾನು ಬರ್ಕೊಡಲ್ಲ.”