ಪರದೆಯ ಹೊರಗೆ ನಿಂತ ಪರೀಕ್ಷಕರಿಗೆ

ನರ್ಸಿಂಗ್ ಕಾಲೇಜಿನ ಮಾನ್ಯ ಪರೀಕ್ಷಕರೇ,

ಕಿಟಕಿ ಪಕ್ಕದ ಮಂಚದಲ್ಲಿ ಸೊಂಟ ಮುರಿದುಕೊಂಡು ಮಲಗಿರುವ ಮುದಿ ದರ್ಜಿಯ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದದ್ದು ಮಾತಿಗೆ. ಸದ್ಯಕ್ಕೆ ನನ್ನಿಂದಾಗುವುದು ಅಂಗಾತ ಮಾತ್ರ, ದೊಡ್ಡ ಮನಸ್ಸು ಮಾಡಿ ಅದನ್ನೇ ಸ್ವೀಕರಿಸಬೇಕು.

ಮೊನ್ನೆಯ ಪ್ರಾಕ್ಟಿಕಲ್ ಪರೀಕ್ಷೆಗೆ ತಾವು ನನ್ನ ಮೈಯನ್ನೇ ಆರಿಸಿ, ಒರೆಸಲೆಂದು ಎದೆ, ಕಾಲು, ಬೆನ್ನು ಎಂದು ವಿದ್ಯಾರ್ಥಿನಿಯರಿಗೆ ಪಾಲು ಹಾಕಿಕೊಟ್ಟ ಉಪಕಾರವನ್ನು ನಾನು ಮರೆಯುವವನಲ್ಲ. ಎದೆಯ ಪಾಲಿನವಳು ತಮ್ಮತ್ತ ತಿರುಗಿ "ಪೇಷೆಂಟ್‌ಗೆ ಪ್ರೈವಸಿ ಕೊಡ್ತೀನಿ ಸಾರ್" ಎಂದು ಗಟ್ಟಿಯಾಗಿ ಒಪ್ಪಿಸಿದಳು, ತಾವು ತಲೆಯಾಡಿಸಿ ಅಂಕ ಬರೆದುಕೊಂಡಿರಿ, ಪರದೆ ಮಾತ್ರ ಗೋಡೆಯ ಬಳಿ ಮುದುಡಿಕೊಂಡೇ ಇತ್ತು. ಕಾಲಿನ ಪಾಲಿನವಳೂ ಹಾಗೆಯೇ ಒಪ್ಪಿಸಿದಳು. ಇಡೀ ತರಗತಿ ನನ್ನನ್ನು ನೋಡುತ್ತಿತ್ತು. ಊಟದ ಡಬ್ಬಿ ತಂದಿದ್ದ ನನ್ನ ಸೊಸೆ ಪಾಪ, ಕಿಟಕಿಯಾಚೆಯ ಕಾಗೆ ನೋಡುತ್ತಿದ್ದಳು. ನನ್ನ ಅಂಗಡಿಯಲ್ಲಿ ಬಟ್ಟೆ ಹಾಕಿ ನೋಡುವವರಿಗೆಂದು ಪರದೆ ಕಟ್ಟಿದ್ದೆ. ಅದು ಬಾಯಲ್ಲೇ ಮುಗಿಯುವ ಕೆಲಸವೆಂದು ಆಗಲೇ ತಿಳಿದಿದ್ದರೆ ಎಷ್ಟೋ ಮೀಟರ್ ಬಟ್ಟೆ ಉಳಿಯುತ್ತಿತ್ತು.

ಬೆನ್ನಿನ ಪಾಲು ಬಂದದ್ದು ಕನ್ನಡಕದ ಹುಡುಗಿಗೆ. ಆ ಅವಿವೇಕಿ ತಮಗೇನೂ ಒಪ್ಪಿಸದೆ, "ತಾತಾ, ಪರದೆ ಎಳೀಲಾ?" ಎಂದು ನನ್ನನ್ನು ಕೇಳಿ, ಸರ್ರನೆ ಎಳೆದೇಬಿಟ್ಟಳು. ತಾವು, ತರಗತಿ, ಸೊಸೆ, ಎಲ್ಲರೂ ಹೊರಗೆ! ಒಳಗೆ ನಡೆದ ಅಪರಾಧಗಳನ್ನೂ ತಿಳಿಸುವುದು ನನ್ನ ಧರ್ಮ. ನೀರು ಬಿಸಿಯಾಯಿತೇ ಎಂದು ಕೇಳಿದಳು, ಕೇಳಿದ್ದಲ್ಲದೆ ಉತ್ತರಕ್ಕೆ ಕಾದಳು. ಅಷ್ಟು ಜನರೆದುರು ತುಟಿ ಬಿಚ್ಚದವನು ಆಗ, ಸೊಂಟದ ಕೆಳಗೆ ಬೆಂಕಿ ಬಿದ್ದ ಹಾಗೆ ಉರಿಯುತ್ತಿದೆ ಎಂದು ಬಾಯಿಬಿಟ್ಟೆ. ಮೆಲ್ಲಗೆ ಹೊರಳಿಸಿ ನೋಡಿದರೆ ಚರ್ಮ ಕೆಂಪಗಾಗಿ ಇನ್ನೇನು ಒಡೆಯುವುದರಲ್ಲಿತ್ತು. ಅವಳು ವಾರ್ಡಿನ ಸಿಸ್ಟರನ್ನು ಕರೆತಂದದ್ದರಿಂದ ಈಗ ಮುಲಾಮು ಹಚ್ಚಿ, ಆಗಾಗ ಮಗ್ಗುಲು ಬದಲಿಸುತ್ತಿದ್ದಾರೆ.

"ನಂಗೇನೂ ಕಾಣ್ತಿಲ್ಲ, ಸೊನ್ನೆ!" ಎಂದು ತಾವು ಹೊರಗಿನಿಂದ ಕೂಗಿದ್ದು ಇಡೀ ವಾರ್ಡಿಗೆ ಕೇಳಿಸಿತು. ಕಾಣಬಾರದೆಂದೇ ಅಲ್ಲವೇ ಸ್ವಾಮಿ ಪರದೆ ಇರುವುದು, ಎಂದು ಕೇಳುವಷ್ಟು ಓದಿದವನಲ್ಲ ನಾನು. ಆದರೆ ಆ ಒಂದು ಸೊನ್ನೆಯಿಂದ ಮಗು ಫೇಲಾದಳೆಂದು ಕೇಳಿ ನನಗೆ ಬೆನ್ನಿಗಿಂತ ಹೊಟ್ಟೆ ಹೆಚ್ಚು ಉರಿಯಿತು.

ಆದ್ದರಿಂದ ಸಣ್ಣದೊಂದು ವಿನಂತಿ: ತಾವೊಮ್ಮೆ ಈ ಮಂಚದ ಮೇಲೆ ಅಂಗಿ ಬಿಚ್ಚಿ ಪವಡಿಸಬೇಕು. ತರಗತಿ ಸುತ್ತ ನಿಲ್ಲಲಿ, ತಮ್ಮ ಬೀಗರನ್ನೂ ಬರಹೇಳಿ, ಪರದೆ ಎಳೆದಾಯಿತು ಎಂದು ನಾನು ಬಾಯಿತುಂಬ ಹೇಳುತ್ತೇನೆ. ತಮಗೆ ನಾಚಿಕೆಯಾಗದಿದ್ದರೆ ಈ ದೂರು ವಾಪಸ್. ಅದು ಕಷ್ಟವೆನಿಸಿದರೆ, ಬೆನ್ನಿನ ಅಂಕವನ್ನು ಬೆನ್ನಿನ ಯಜಮಾನನನ್ನು ಕೇಳಿ ಹಾಕಿ. ಪರದೆಯ ಒಳಗಿದ್ದವನು ನಾನೊಬ್ಬನೇ.

ಮಗ್ಗುಲು ಬದಲಿಸುವ ಹೊತ್ತಾದ್ದರಿಂದ ಇಲ್ಲಿಗೇ ನಿಲ್ಲಿಸುವ,

ತಮ್ಮ ವಿಶ್ವಾಸಿ,
ಕಿಟಕಿ ಪಕ್ಕದ ಸೊಂಟ

ತಾ.ಕ.: ನಾಳಿನ ಮರುಪರೀಕ್ಷೆಗೂ ಪೇಷೆಂಟ್ ನಾನೇ ಅಂತೆ. ಕನ್ನಡಕದ ಹುಡುಗಿ ಈಗಷ್ಟೇ ಬಂದು, "ತಾತಾ, ನಾಳೆ ಪರದೆ ಎಳೆಯಲ್ಲ, ಬಾಯಲ್ಲೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದು ಹೇಳಿ ಹೋದಳು. ಅಭಿನಂದನೆಗಳು ಸ್ವಾಮಿ, ತಮ್ಮ ಪಾಠ ಅವಳಿಗೂ ಬಂತು.