ಮಾವನವರ ಮುಹೂರ್ತದ ಪ್ಲೇಟು

ಮೂವತ್ತು ವರ್ಷ ಚಾಮರಾಜನಗರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನಿಗೆ ಒಂದು ಹಳೆಯ ಗ್ರಾಮಫೋನ್ ಪ್ಲೇಟನ್ನು ಕಂಪ್ಯೂಟರಿಗೆ ಇಳಿಸುವುದು ಯಾವ ಮಹಾ ವಿದ್ಯೆ! ಯಾರೂ ಕೇಳದಿದ್ದರೂ ಹೀಗೆಂದು ನಾನೇ ಘೋಷಿಸಿದೆ. ಅನಾಹುತ ಶುರುವಾದದ್ದು ಅಲ್ಲಿಂದ.

ನಮ್ಮ ಮಾವನವರದು ಗುಂಡ್ಲುಪೇಟೆ. ಒಂದು ಕಾಲದಲ್ಲಿ ಸುತ್ತಲ ಊರುಗಳ ಮದುವೆಗೆಲ್ಲ ಅವರದೇ ಮೈಕ್ ಸೆಟ್ಟು. ಅಂಗಡಿ ಮುಚ್ಚಿದ ಮೇಲೆ ಅವರ ಬಳಿ ಉಳಿದದ್ದು ಎರಡೇ ಪ್ಲೇಟು. ಅವುಗಳಲ್ಲೊಂದು ಅವರ ಸ್ವಂತ ಮದುವೆಯಲ್ಲಿ, ತಾಳಿ ಕಟ್ಟುವಾಗ ಹಾಕಿದ್ದ ನಾದಸ್ವರದ್ದು. ಅತ್ತೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಈಗ ಮೊಮ್ಮಗಳ, ಅಂದರೆ ನನ್ನ ಭಾವಮೈದುನನ ಮಗಳ, ಮುಹೂರ್ತದಲ್ಲೂ ಅದೇ ನಾದ ಕೇಳಬೇಕೆಂಬುದು ಮಾವನವರ ಆಸೆ.

“ಅಳಿಯಂದ್ರೇ, ಅರಿಶಿನದ ಚುಕ್ಕೆ ಇಟ್ಟಿವ್ನಿ ನೋಡಿ, ಅದೇ ಮುಹೂರ್ತದ್ದು. ಜ್ವಾಪಾನ ಕಣ್ರಪ್ಪ.”

ಅದೊಂದೇ ಸಾಕು ಎಂದರು. ನಾನು ಧಾರಾಳಿ. ಇನ್ನೊಂದನ್ನೂ ಇಳಿಸಿಬಿಡುತ್ತೇನೆಂದು ಎರಡನ್ನೂ ಟವೆಲಿನಲ್ಲಿ ಸುತ್ತಿಕೊಂಡು ಬಂದೆ. ನನ್ನ ಹೆಂಡತಿ ಶಾರದೆ ಮದುವೆ ಕೆಲಸಕ್ಕೆಂದು ತವರಲ್ಲೇ ಉಳಿದಳು. ಹಾಗಾಗಿ ಮನೆಯಲ್ಲಿ ನನ್ನನ್ನು ತಡೆಯುವವರು ಯಾರೂ ಇರಲಿಲ್ಲ.

ವಿಜ್ಞಾನದ ಪ್ರಕಾರ ಧೂಳೇ ಶಬ್ದದ ಶತ್ರು. ಆದಕಾರಣ ಪ್ರಥಮತಃ ಶುದ್ಧೀಕರಣ! ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಎರಡನ್ನೂ ನೆನೆಹಾಕಿ, ಕಾಫಿ ಕುಡಿದು ಬಂದೆ. ಪ್ಲೇಟುಗಳು ಫಳಫಳ ಹೊಳೆಯುತ್ತಿದ್ದವು. ನಡುವಿನ ಕಾಗದಗಳು ಮಾತ್ರ ಬಕೆಟ್ಟಿನಲ್ಲಿ ತೇಲುತ್ತಿದ್ದವು, ಅರಿಶಿನದ ಚುಕ್ಕೆಯ ಸಮೇತ!

ಅಷ್ಟರಲ್ಲಿ ಶಾರದೆಯ ಫೋನು.

“ರೀ, ಪ್ಲೇಟು ಏನಾಯ್ತು?”

“ಒಣಗ್ತಾ ಇದೆ.”

“ಹಾಡಿಸೋದು ಬಿಟ್ಟು ಒಣಗಿಸ್ತಾ ಇದ್ದೀರಾ?”

“ಇದೆಲ್ಲ ಟೆಕ್ನಿಕಲ್ ವಿಷಯ ಕಣೇ. ನಿಂಗೆ ಅರ್ಥ ಆಗಲ್ಲ.”

ಟೆಕ್ನಿಕಲ್ ವಿಷಯವು ಮಾಳಿಗೆಯ ಮೇಲೆ, ಸಂಡಿಗೆ ಒಣಹಾಕುವ ಚಾಪೆಯಲ್ಲಿ ಮಲಗಿತ್ತು. ಒಂದು ಪ್ಲೇಟಿಗೆ ನೀರಿನ ಟ್ಯಾಂಕಿನ ನೆರಳು ಸಿಕ್ಕಿತ್ತು, ಇನ್ನೊಂದಕ್ಕೆ ಸಿಕ್ಕಿರಲಿಲ್ಲ. ಮಧ್ಯಾಹ್ನ ಹೋಗಿ ನೋಡಿದರೆ ಬಿಸಿಲಿನಲ್ಲಿದ್ದದ್ದು ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ನೆಟ್ಟಗಿದ್ದದ್ದನ್ನು, ಇದಕ್ಕೆಂದೇ ಕೊಂಡಿದ್ದ ಹೊಸ ಪ್ಲೇಯರಿಗೆ ಹಾಕಿದೆ. ಮೊದಲು ವೇಗ ತಪ್ಪಿ ಸೊಳ್ಳೆ ಗುಂಯ್‌ಗುಟ್ಟಿದಂತಾಯಿತು. ಗುಂಡಿ ತಿರುಗಿಸಿದೆ. ನಾದಸ್ವರ! ಅಬ್ಬಾ, ದೇವರು ದೊಡ್ಡವನು. ಸೊಟ್ಟಗಾದದ್ದು ಯಾವುದೋ ಹಾಡಿನದಿರಬೇಕು, ಹೋದರೆ ಹೋಗಲಿ ಎಂದುಕೊಂಡೆ. ಅದರಲ್ಲೂ ನಾದಸ್ವರವೇ ಇರಬಹುದೆಂಬ ಅನುಮಾನ ವಿಜ್ಞಾನದ ಮೇಷ್ಟರಿಗೆ ಬರಲಿಲ್ಲ. ಕಂಪ್ಯೂಟರಿಗಿಳಿಸಿ, ಗೊರಗೊರ ಸದ್ದು ತೆಗೆದು, ಪೆನ್‌ಡ್ರೈವ್ ಜೇಬಿಗಿಟ್ಟುಕೊಂಡು ಗುಂಡ್ಲುಪೇಟೆಯ ಬಸ್ಸು ಹತ್ತಿದೆ.

ಮುಹೂರ್ತದ ಹೊತ್ತಿಗೆ ವಾಲಗದವರನ್ನು ಎರಡು ನಿಮಿಷ ಸುಮ್ಮನಿರಿಸಲಾಯಿತು. ಮಾವನವರು ಕಣ್ಣು ಮುಚ್ಚಿ ಕೈ ಮುಗಿದು ಕುಳಿತರು. ಪುರೋಹಿತರು ಸನ್ನೆ ಮಾಡಿದರು. ನಾನು ಗುಂಡಿ ಒತ್ತಿದೆ.

ನಾದಸ್ವರ ಮೊಳಗಿದ್ದೇ ತಡ, ಮುಂದಿನ ಸಾಲಿನಲ್ಲಿದ್ದ, ಹತ್ತಿರದ ಭೀಮನಬೀಡು ಊರಿನ ಹಿರಿಯರೊಬ್ಬರು ದಡಕ್ಕನೆ ಎದ್ದರು.

“ಏಳ್ಲಾ, ಏಳ್ಲಾ! ಕೊನೆ ಪಂಕ್ತಿ ಕಣ್ಲಾ! ಎಲೆ ಎತ್ಬುಡ್ತಾರೆ, ಓಗನ ನಡೀರ್ಲಾ!”

ಅರವತ್ತು ದಾಟಿದವರೆಲ್ಲ ಟವೆಲು ಹೆಗಲಿಗೆ ಹಾಕಿಕೊಂಡು, ಅಕ್ಷತೆ ಮುಷ್ಟಿಯಲ್ಲೇ ಹಿಡಿದುಕೊಂಡು ಊಟದ ಮನೆಗೆ ಓಡಿದರು. ಹಿರಿಯರು ಓಡಿದ್ದು ನೋಡಿ ಕಿರಿಯರೂ ಓಡಿದರು. ಮಂಟಪದ ಮುಂದೆ ಉಳಿದದ್ದು ಬರೀ ಕುರ್ಚಿಗಳು! ವರ ತಾಳಿ ಹಿಡಿದುಕೊಂಡು ಪಿಳಿಪಿಳಿ ಕಣ್ಣು ಬಿಡುತ್ತಿದ್ದ.

ಶಾರದೆ ಹಲ್ಲು ಕಚ್ಚಿಕೊಂಡು ಬಂದಳು.

“ಅದು ಅಪ್ಪ ಕೊನೆ ಪಂಕ್ತಿಗೆ ಹಾಕ್ತಿದ್ದ ಪ್ಲೇಟು ಕಣ್ರೀ! ಅದು ಕೇಳ್ಸಿದ್ರೆ ಇನ್ನು ಊಟ ಮುಗೀತು, ಮೈಕ್ ಬಿಚ್ತಾರೆ ಅಂತ ಸುತ್ತಲ ಊರಿಗೆಲ್ಲ ಗೊತ್ತು. ಮುಹೂರ್ತದ್ದು ಎಲ್ಲಿ?”

“ಸೊಟ್ಟಗಾಗಿದೆ,” ಎಂದೆ.

ಮಾವನವರು ಕಣ್ಣು ತೆರೆದು ನನ್ನನ್ನೇ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ನಾಚಿಕೆಯಿಂದ ನನ್ನ ತಲೆ ಮೇಲೇಳಲಿಲ್ಲ.

“ಬುಡಿ ಅಳಿಯಂದ್ರೇ. ಪ್ಲೇಟು ಓಯ್ತಾ, ಓಗ್ಲಿ. ನಾನಿನ್ನೂ ಇವ್ನಲ್ಲಾ,” ಎಂದವರೇ ಮೈಕು ತೆಗೆದುಕೊಂಡು, ಹಲ್ಲಿಲ್ಲದ ಬಾಯಲ್ಲಿ ಮುಹೂರ್ತದ ಆ ನಾದಸ್ವರವನ್ನು ಗುನುಗತೊಡಗಿದರು. ಪ್ಲೇಟಿನಲ್ಲಿ ಗೀರು ಬಿದ್ದು ಮುಳ್ಳು ಸಿಕ್ಕಿಕೊಳ್ಳುತ್ತಿದ್ದ ಕಡೆ ಎರಡು ಸಲ ಅಲ್ಲೇ ಸುತ್ತಿ, ಆಮೇಲೆ ಮುಂದಕ್ಕೆ ಹೋದರು! ಓಡಿದವರೆಲ್ಲ ಒಬ್ಬೊಬ್ಬರಾಗಿ ಹಿಂದಿರುಗಿದರು. ವಧುವಿನ ಕೊರಳಿಗೆ ತಾಳಿ ಬಿತ್ತು, ಎಲ್ಲರೂ ಅಕ್ಷತೆ ಹಾಕಿದರು. ಶಾರದೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಇಷ್ಟೆಲ್ಲದರ ನಡುವೆಯೂ ನನ್ನ ಬುದ್ಧಿ ಕೆಲಸ ಮಾಡುತ್ತಿತ್ತು. ಆ ನಾದ ಇನ್ನು ಇರುವುದು ಇವರ ಬಾಯಲ್ಲಿ ಮಾತ್ರ! ಅವರು ಶುರುಮಾಡಿದೊಡನೆಯೇ ಮೊಬೈಲ್ ತೆಗೆದು, ರೆಕಾರ್ಡಿಂಗ್ ಗುಂಡಿ ಒತ್ತಿ, ಕೊನೆಯವರೆಗೂ ಅಲ್ಲಾಡದೆ ಹಿಡಿದುಕೊಂಡಿದ್ದೆ. ಮುಗಿದ ಮೇಲೆ ಮತ್ತೊಮ್ಮೆ ಒತ್ತಿ ಜೇಬಿಗಿಟ್ಟೆ.

ಸಂಜೆ ಎಲ್ಲರನ್ನೂ ಕೂರಿಸಿ ಆ ರೆಕಾರ್ಡಿಂಗ್ ಹಾಕಿದೆ. ಮೊದಲ ಸಲ ಗುಂಡಿ ಸರಿಯಾಗಿ ಒತ್ತಿರಲಿಲ್ಲ. ನಿಲ್ಲಿಸಲೆಂದು ಒತ್ತಿದಾಗ ಶುರುವಾಗಿದೆ. ಮಾವನವರ ದನಿ ಒಂದು ಚೂರೂ ಇಲ್ಲ. ಗೊರಗೊರ ಇಲ್ಲದೆ, ಬಲು ಸ್ಪಷ್ಟವಾಗಿ ಕೇಳಿಸಿದ್ದು, ಮೊಬೈಲ್ ಜೇಬಿಗಿಟ್ಟ ಮೇಲೆ ನನ್ನನ್ನು ಬೈದ ಶಾರದೆಯ ದನಿ:

“ನಿಮ್ಮನ್ನ ನಂಬಿ ಕೊಟ್ರಲ್ಲಾ ನಮ್ಮಪ್ಪ!”